ತಿದಿ ಕಿತ್ತ ಮೇಲೆ ಉಳಿಯುವುದು ಪೆಟ್ಟಿಗೆ

ಪ್ರಿಯ ಶಿಷ್ಯರೇ,

ತಾವಾಗಿಯೇ ನುಡಿಯುವ ಹಳೆಯ ವಾದ್ಯಗಳ ತಿದಿಗಳನ್ನು ಕಿತ್ತೆಸೆದು, ವಿದ್ಯುತ್ಕಾಂತಗಳನ್ನು ಕೂರಿಸಿ, ಅದನ್ನು ‘ದುರಸ್ತಿ’ ಎಂದು ಕರೆಯುವವರನ್ನು ನಾನು ಒಪ್ಪಲಾರೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲೈಪ್‌ಜಿಗ್‌ನ ಹುಪ್‌ಫೆಲ್ಡ್, ಶಿಕಾಗೋದ ಸೀಬರ್ಗ್ ಮುಂತಾದವರು ತಯಾರಿಸಿದ ಆರ್ಕೆಸ್ಟ್ರಿಯನ್‌ಗಳಲ್ಲಿ ಡೋಲು ಬಾರಿಸುವುದು ಗಾಳಿ. ಕಾಗದದ ಸುರುಳಿಯ ರಂಧ್ರ ಎದುರಾದೊಡನೆ ಕವಾಟ ಚಲಿಸುತ್ತದೆ. ಪುಟ್ಟ ತಿದಿಯೊಳಗಿನ ಗಾಳಿ ಹೀರಲ್ಪಡುತ್ತದೆ. ತಿದಿ ಕುಗ್ಗಿ ಕೋಲನ್ನು ಎಳೆಯುತ್ತದೆ. ಹೀರುವ ಬಲ ಏರಿಳಿದಂತೆ ಪೆಟ್ಟೂ ಏರಿಳಿಯುತ್ತದೆ. ವಾದ್ಯದ ಉಸಿರೇ ಅದು.

‘ಹೊಸ ವ್ಯವಸ್ಥೆ ಬೇಗ ಕೆಡುವುದಿಲ್ಲವಲ್ಲ, ಮೇಷ್ಟ್ರೇ?’ ಎನ್ನುವಿರಿ. ಹಳೆಯದು ಕೆಟ್ಟದ್ದು ತತ್ತ್ವದ ದೋಷದಿಂದಲ್ಲ. ರಬ್ಬರು ಲೇಪಿಸಿದ ಬಟ್ಟೆ ಮುಪ್ಪಾಗಿ ಬಿರಿದಿದೆ, ಕವಾಟದ ಚರ್ಮ ಸವೆದಿದೆ. ಅವೆರಡನ್ನೂ ಬದಲಿಸಬಹುದು. ಪ್ರಾಣಿಗಳ ಚರ್ಮ ಕಾಯಿಸಿ ತೆಗೆದ ಅಂಟು ಶಾಖ, ತೇವ ತಾಗಿದರೆ ಬಿಟ್ಟುಕೊಡುತ್ತದೆ. ಇಂದಿನ ಬಿಳಿ ಅಂಟಾದರೋ ಮರದೊಳಕ್ಕೆ ಇಳಿದು, ಮುಂದಿನ ರಿಪೇರಿಯವನ ಕೈ ಕಟ್ಟುತ್ತದೆ. ಇಂದಿನ ಸೌಕರ್ಯಕ್ಕಾಗಿ ನಾಳೆಯವನ ಹಕ್ಕನ್ನು ಕಸಿಯುವುದು ಯಾವ ನ್ಯಾಯ?

ತಪ್ಪು ತಿದ್ದುವುದೆಂದರೆ ಹಾಳೆಯನ್ನೇ ಹರಿಯುವುದಲ್ಲವೆಂದು ತರಗತಿಯಲ್ಲಿ ಹೇಳುತ್ತಿದ್ದೆ. ನೆನಪಿದೆಯೇ? ವಾದ್ಯಕ್ಕೂ ಅದೇ ಪಾಠ.