ಎಸ್ಟಿಮೇಟ್ ಮೊದಲೋ, ಓಣಿ ಮೊದಲೋ?

ಎನ್‌ಎಸ್‌ಎಸ್ ಶಿಬಿರ ಬಂತೆಂದರೆ ಜಮಖಂಡಿ, ಮುಧೋಳ, ಬನಹಟ್ಟಿಯ ಕಾಲೇಜು ಹುಡುಗರು ಟ್ರ್ಯಾಕ್ಸ್ ಹತ್ತಿ ಹಳ್ಳಿಗೆ ಹೊರಡುತ್ತಾರೆ. ಏಳು ದಿನ ಗುಡಿ ಮುಂದಿನ ಕಸ ಬಳಿದು, ಸಮಾರೋಪದ ಭಾಷಣ ಕೇಳಿ ತಿರುಗಿ ಬರುತ್ತಾರೆ. ಅಷ್ಟೂ ದಿನ ಅವರದೇ ಓಣಿಯ ಗಾರ್ಡನ್ ಕೀಲಿ ಹಾಕಿಕೊಂಡು ನಿಂತಿರುತ್ತದೆ. ಅದು ಯಾರಿಗಾಗಿ ಆಯಿತು, ಹೀಗೇಕೆ ಆಯಿತು ಎಂದು ಒಬ್ಬ ಹುಡುಗನನ್ನೂ ಕೇಳಲು ಕಳಿಸಿದವರಿಲ್ಲ.

ಅಂಥದೊಂದು ಗಾರ್ಡನ್ ನನಗೆ ಚೆನ್ನಾಗಿ ಗೊತ್ತು, ಊರ ಹೆಸರು ಬೇಡ. ಎರೆ ನೆಲದ ಮೇಲೆ ಲಾನ್ ಹಾಕಿದರು. ಏಪ್ರಿಲ್ ಹೊತ್ತಿಗೆ ನೆಲ ಬಿರಿದು, ಬಿರುಕಿನಲ್ಲಿ ಕೈ ಇಳಿಯುವಂತಾಯಿತು. ಹುಲ್ಲು ಹೋಯಿತು. ಸುತ್ತ ಇಂಟರ್‌ಲಾಕ್, ಮೂಲೆಯಲ್ಲಿ ಓಪನ್ ಜಿಮ್. ಮಧ್ಯಾಹ್ನ ಆ ಕಬ್ಬಿಣದ ಹಿಡಿಕೆ ಮುಟ್ಟಿದರೆ ಅಂಗೈ ಚುರ್ರೆನ್ನುತ್ತದೆ. ಗೇಟಿನಿಂದ ಹತ್ತು ಮಾರು ಆಚೆಗೆ ಬೇವಿನ ಗಿಡ, ಅದರ ಬುಡಕ್ಕೊಂದು ಕಟ್ಟೆ. ಓಣಿ ಮಂದಿಯೆಲ್ಲ ಅಲ್ಲೇ. ಕಟ್ಟೆ ಮೇಲಿದ್ದ ಅಜ್ಜಿಯನ್ನು ಕೇಳಿದೆ: ‘ಒಳಗ ಯಾಕ ಹೋಗೂದಿಲ್ಲ ಆಯಿ?’ ‘ನೆರಳ ಎಲ್ಲೈತಿ ಅಲ್ಲಿ? ಮಾಡೂ ಮುಂದ ನಮ್ಮನ್ನ ಯಾರ ಕೇಳ್ಯಾರ?’ ಅಂದರು. ಲಕ್ಷಗಟ್ಟಲೆ ಎಸ್ಟಿಮೇಟಿನಲ್ಲಿ ಇಲ್ಲದ ಸಂಗತಿ ಆ ಒಂದು ಮಾತಿನಲ್ಲಿತ್ತು.

ರಬಕವಿ-ಬನಹಟ್ಟಿಯ ಕತೆ ಬೇರೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಮನೆಗಿಂತ ಮಗ್ಗವೇ ದೊಡ್ಡದು. ಗಂಡಸರು ಮಗ್ಗದ ಮೇಲೆ, ಹೆಂಗಸರು ಕಂಡಿಕೆ ಸುತ್ತುತ್ತ. ಬಯಲ ಗಾಳಿಗೆ ಬರುವುದು ಕರೆಂಟ್ ಹೋದಾಗ, ಇಲ್ಲವೇ ರಾತ್ರಿ ಉಂಡ ಮೇಲೆ. ಬೆಳಿಗ್ಗೆ ತೆರೆದು ಕತ್ತಲಾಗುವುದರೊಳಗೆ ಮುಚ್ಚುವ ಗಾರ್ಡನ್ ಅವರಿಗೆ ಯಾವ ಉಪಯೋಗಕ್ಕೆ? ಈ ವೇಳಾಪಟ್ಟಿ ಎಂಜಿನಿಯರ್‌ಗೆ ತಿಳಿಯದಿದ್ದರೆ ಅದು ಅವರ ತಪ್ಪಲ್ಲ. ಅದೇ ಓಣಿಯ ನೇಕಾರರ ಮಗಳು, ಡಿಗ್ರಿ ಎರಡನೇ ವರ್ಷದಲ್ಲಿರುವವಳು, ಬಾಯಿಪಾಠ ಹೇಳುತ್ತಾಳೆ. ಅವಳು ಅಡುಗೆಮನೆಯವರೆಗೂ ಹೋಗಿ ಕೂತು ಮಾತಾಡಿಸಬಲ್ಲಳು. ಪೆನ್ನು ಹಿಡಿದು ನಿಂತ ಗಂಡಸು ಸಿಬ್ಬಂದಿಗೆ ಆ ಬಾಗಿಲು ತೆರೆಯುವುದಿಲ್ಲ.

ಇರುವವರನ್ನು ಕೇಳದೆ ಕಟ್ಟಿದರೆ ಏನಾಗುತ್ತದೆಂದು ಬೀಳಗಿ ತಾಲ್ಲೂಕಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರು ಪುನರ್ವಸತಿ ಕೇಂದ್ರಗಳಲ್ಲಿ ನಕಾಶೆಯೊಳಗಿನ ಬದುಕು ಹೇಗೆಂದು ನೋಡಿದ್ದಾರೆ. ಪ್ಲಾಟು ಅಳತೆಗೆ ಸರಿ, ರಸ್ತೆ ನೇರ, ಅಗಸಿ ಕಟ್ಟೆ ಮಾತ್ರ ಹುಡುಕಬೇಕು. ಅಣೆಕಟ್ಟಿನ ನೀರು 519.60 ಮೀಟರ್‌ನಿಂದ 524.256ಕ್ಕೆ ಏರಿದರೆ ಇನ್ನಷ್ಟು ನಕಾಶೆಗಳು ಬರುತ್ತವೆ. ಆಗಲೂ ಕೇಳುವವರಿಲ್ಲದಿದ್ದರೆ?

ನಗೆಪಾಟಲಿನ ಸಂಗತಿ ಎಂದರೆ, ಹೀಗೆ ಊರನ್ನು ಕೇಳಿ ಬರೆದುಕೊಳ್ಳುವ ವಿಷಯದಲ್ಲಿ ಹಳ್ಳಿಯ ಮಕ್ಕಳೇ ನಮ್ಮ ಪಟ್ಟಣದ ಮಕ್ಕಳಿಗಿಂತ ಮೇಲು. ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ ಮಕ್ಕಳ ಪಂಚಾಯಿತಿಯವರು ತಾವೇ ಮಾಹಿತಿ ಕಲೆಹಾಕಿ ಊರಿನ ಐದು ವರ್ಷದ ಯೋಜನೆಗೆ ಕೊಟ್ಟರು. 2006ರಿಂದ ರಾಜ್ಯದ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸರ್ಕಾರಿ ಆದೇಶವಿದೆ. ಪಟ್ಟಣಕ್ಕೆ ಬನ್ನಿ. ವಾರ್ಡ್ ಸಮಿತಿ ಕಡ್ಡಾಯ ಎಂದು ಸಂವಿಧಾನದ 243 ಎಸ್ ವಿಧಿ ಹೇಳುವುದು ಮೂರು ಲಕ್ಷ ಮತ್ತು ಅದಕ್ಕೂ ಮೇಲಿನ ಜನಸಂಖ್ಯೆಯ ಊರುಗಳಿಗೆ. 2011ರ ಜನಗಣತಿಯಲ್ಲಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ, ಬೀಳಗಿ ಈ ನಮ್ಮ ನಾಲ್ಕರಲ್ಲಿ ಯಾವುದೂ ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. ಹಳ್ಳಿಯ ಗ್ರಾಮಸಭೆಯೂ ಇಲ್ಲ, ಮಹಾನಗರದ ವಾರ್ಡ್ ಸಮಿತಿಯೂ ಇಲ್ಲ. ದುಡ್ಡು ಮಾತ್ರ ಬರಬಹುದು: 2015ರ ಅಮೃತ್ ಯೋಜನೆ ಮುಖ್ಯವಾಗಿ ಲಕ್ಷ ದಾಟಿದ ಊರುಗಳಿಗಿತ್ತು, 2021ರ ಅಮೃತ್ 2.0 ಸಣ್ಣ ಪಟ್ಟಣಗಳನ್ನೂ ಸೇರಿಸಿಕೊಂಡಿದೆ, ಅದರಲ್ಲಿ ಉದ್ಯಾನಗಳೂ ಇವೆ.

ಹಾಗಾಗಿ ಗಾರ್ಡನ್ ಮಾಡುವ ಮುಂಚೆ ಓಣಿಯನ್ನು ಕೇಳುವ ಕೆಲಸ ಕಾಲೇಜು ಹುಡುಗರಿಗೇ ಕೊಡಿ ಎಂದರೆ, ‘ಆರಿಸಿ ಬಂದವರು ನಾವು, ಹುಡುಗರನ್ನ ಕೇಳಿ ಗಾರ್ಡನ್ ಮಾಡಬೇಕೇನು?’ ಎನ್ನುವ ನಗರಸಭೆ-ಪುರಸಭೆ ಸದಸ್ಯರಿದ್ದಾರೆ. ಹುಡುಗರನ್ನಲ್ಲ ಸಾಹೇಬರೇ, ಹುಡುಗರ ಮೂಲಕ ನಿಮ್ಮ ಮತದಾರರನ್ನು. ಅದರಿಂದ ನಿಮಗೂ ಲಾಭವಿದೆ. ಬೆಂಗಳೂರಿನಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಕೋರ್ಟಿಗೆ ಹೋದವರು ಆ ಬಡಾವಣೆಯ ನಿವಾಸಿಗಳೇ. 1991ರಲ್ಲಿ ಮುದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಜಾಗ ತನ್ನದೆಂದು ಓಣಿಗೆ ಅನಿಸಿದರೆ ಕಾಯುವವರು ಹುಟ್ಟುತ್ತಾರೆ. ಕೀಲಿ ಹಾಕಿದ ಗಾರ್ಡನ್ನಿಗೆ ಯಾರು ಕೋರ್ಟು ಹತ್ತುತ್ತಾರೆ?

ಇನ್ನೊಂದು ತಕರಾರು ಇದಕ್ಕಿಂತ ಗಟ್ಟಿ. ಹುಡುಗರ ಈ ಕೆಲಸವೂ ಕೊನೆಗೆ ಅಂಕಗಳ ಪ್ರಾಜೆಕ್ಟ್ ಆಗುತ್ತದೆ, ಪ್ರಶ್ನಾವಳಿ ಗೂಗಲ್ ಫಾರ್ಮಿಗೆ ಇಳಿಯುತ್ತದೆ, ಫೋನಿಲ್ಲದ ಅಜ್ಜಿ ಮತ್ತೆ ಹೊರಗೇ ಉಳಿಯುತ್ತಾರೆ ಎಂಬುದು. ನಿಜ, ಆ ಚಾಳಿ ನಮ್ಮ ಕಾಲೇಜುಗಳಿಗಿದೆ. ಅದಕ್ಕೇ ಶರತ್ತು ಹಾಕಬೇಕು. ಹುಡುಗರು ಓಣಿಗೆ ಇಳಿಯುವುದು ಎಸ್ಟಿಮೇಟಿಗೆ ಸಹಿ ಬೀಳುವ ಮೊದಲು, ಟೆಂಡರ್ ಆದ ಮೇಲಲ್ಲ. ಮುಂದಿನ ಓಣಿಯ ಪಕ್ಕಾ ಮನೆಗಳಷ್ಟೇ ಅಲ್ಲ, ಹಿಂದಿನ ಓಣಿಯ ಮನೆಗಳೂ ಲೆಕ್ಕಕ್ಕೆ ಬರಬೇಕು. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಎರೆಮಣ್ಣಿಗೆ ಬೇವು ಒಗ್ಗುತ್ತದೋ ಲಾನ್ ಒಗ್ಗುತ್ತದೋ ಎಂಬುದಕ್ಕೆ ಅಲ್ಲಿನ ವಿದ್ಯಾರ್ಥಿಗಳ ಮಾತು ಸಾಕು. ಎಲ್ಲಕ್ಕಿಂತ ಮುಖ್ಯ, ಹುಡುಗರು ಬರೆದು ತಂದದ್ದಕ್ಕೆ ಕಚೇರಿಯ ಆವಕ ಬುಕ್ಕಿನಲ್ಲಿ ನಂಬರು ಬೀಳಬೇಕು, ಸಾಮಾನ್ಯ ಸಭೆಯಲ್ಲಿ ಅದನ್ನು ಓದಬೇಕು, ಆಗದ ಬೇಡಿಕೆಗೆ ಯಾಕೆ ಆಗದೆಂದು ಲಿಖಿತ ಉತ್ತರ ಕೊಡಬೇಕು. ಆ ಉತ್ತರದ ಒಂದು ಪ್ರತಿಯನ್ನು ಗಾರ್ಡನ್ ಗೇಟಿಗೆ ಅಂಟಿಸಿ. ಗೇಟು ಹೇಗೂ ಮುಚ್ಚಿಯೇ ಇರುತ್ತದೆ, ನಿಂತು ಓದಲು ಅನುಕೂಲ.