ಹೊಸ ಊರಿಗೆ ಬಂದ 733 ಮಕ್ಕಳು

ಪುಟಾಣಿಗಳೇ, ಈ ವರ್ಷ ಹೊಸ ಶಾಲೆಗೆ ಸೇರಿದವರು ನಿಮ್ಮಲ್ಲಿ ಎಷ್ಟು ಜನ? ನಮ್ಮ ಮೊಮ್ಮಗಳೂ ಸೇರಿದ್ದಾಳೆ. ಮೊದಲ ದಿನ ಸಂಜೆ ಮನೆಗೆ ಬಂದವಳೇ ಚೀಲ ಮೂಲೆಗೆಸೆದು, "ಅಜ್ಜಾ, ನನ್ನ ಹತ್ರ ಯಾರೂ ಮಾತಾಡಲೇ ಇಲ್ಲ" ಎಂದು ಮುಖ ಊದಿಸಿ ಕೂತಳು. ಊಟದ ಡಬ್ಬಿ ಹೋದ ಹಾಗೇ ವಾಪಸ್ ಬಂದಿತ್ತು. ಅವತ್ತು ರಾತ್ರಿ ಅವಳಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ. ಇದು ಕಟ್ಟುಕಥೆಯಲ್ಲ, ನಡೆದದ್ದು.

ಯುರೋಪಿನಲ್ಲಿ ಪೋಲೆಂಡ್ ಎಂಬ ದೇಶವಿದೆ. 1939ರ ಸೆಪ್ಟೆಂಬರ್ 1ರಂದು ಪಶ್ಚಿಮದಿಂದ ಜರ್ಮನಿ ಅದರ ಮೇಲೆ ಬಿತ್ತು. ಎರಡನೆಯ ಮಹಾಯುದ್ಧ ಶುರುವಾದದ್ದು ಹೀಗೆ. ಅದೇ ತಿಂಗಳ 17ರಂದು ಪೂರ್ವದಿಂದ ಸೋವಿಯತ್ ಸೇನೆ ನುಗ್ಗಿತು. 1940ರ ಫೆಬ್ರುವರಿಯ ಕೊರೆಯುವ ಚಳಿಯಲ್ಲಿ ಸೋವಿಯತ್ ಸೈನಿಕರು ಪೂರ್ವ ಪೋಲೆಂಡಿನ ಮನೆಮನೆಯ ಬಾಗಿಲು ಬಡಿದರು. ಕೈಗೆ ಸಿಕ್ಕಿದ್ದನ್ನು ಗಂಟು ಕಟ್ಟಿ ಹೊರಡಬೇಕು, ಅಷ್ಟೇ! ಅಪ್ಪ, ಅಮ್ಮ, ಅಜ್ಜಿ, ಹಾಲು ಕುಡಿಯುವ ಕೂಸು, ಎಲ್ಲರನ್ನೂ ಸರಕು ಸಾಗಿಸುವ ರೈಲು ಡಬ್ಬಿಗಳಿಗೆ ತುಂಬಿ ದೂರದ ಸೈಬೀರಿಯಾದ ಕಡೆಗೆ ಕಳಿಸಿದರು. ಅಲ್ಲಿ ದೊಡ್ಡವರು ಕಾಡಿನಲ್ಲಿ ಮರ ಕಡಿಯಬೇಕಿತ್ತು. ದುಡಿದರೆ ಬ್ರೆಡ್ಡು, ಅದೂ ಅರೆಹೊಟ್ಟೆಗೆ. ಹಸಿವು, ಚಳಿ, ಜ್ವರಕ್ಕೆ ಎಷ್ಟೋ ಮಕ್ಕಳು ಅಪ್ಪ ಅಮ್ಮನನ್ನು ಕಳೆದುಕೊಂಡರು.

1941ರಲ್ಲಿ ಜರ್ಮನಿ ಸೋವಿಯತ್ ದೇಶದ ಮೇಲೂ ದಾಳಿ ಮಾಡಿತು. ಆಗ ಸೋವಿಯತ್ ಸರ್ಕಾರ ಈ ಪೋಲಿಷ್ ಜನರನ್ನು ಬಿಡುಗಡೆ ಮಾಡಿತು. ಅವರು ಬೆಚ್ಚಗಿನ ದಕ್ಷಿಣದ ಕಡೆಗೆ ಹೊರಟರು. 1942ರಲ್ಲಿ ಸಾವಿರಾರು ಮಂದಿ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನ್ ಸೇರಿದರು. ಅಲ್ಲಿನ ಇಸ್ಫಹಾನ್ ನಗರದಲ್ಲಿ ತಬ್ಬಲಿ ಮಕ್ಕಳಿಗಾಗಿ ವಸತಿಗೃಹಗಳು ಶುರುವಾದವು. ಹಾಸಿಗೆ ಸಿಕ್ಕಿತು, ಹೊತ್ತು ಹೊತ್ತಿಗೆ ಊಟ ಸಿಕ್ಕಿತು. ಆದರೂ ಹಸಿವು ಕಂಡ ಆ ಮಕ್ಕಳು ಬ್ರೆಡ್ಡಿನ ಚೂರನ್ನು ದಿಂಬಿನ ಕೆಳಗೆ ಬಚ್ಚಿಟ್ಟು ಮಲಗುತ್ತಿದ್ದರು. ನಾಳೆ ಸಿಗದೇ ಹೋದರೆ?

ಯುದ್ಧ ಇನ್ನೂ ನಡೆದೇ ಇತ್ತು. ಆಗ ಭೂಗೋಳದ ಆ ತುದಿಯಲ್ಲಿರುವ ನ್ಯೂಜಿಲೆಂಡ್‌ನಿಂದ, ಪ್ರಧಾನಿ ಪೀಟರ್ ಫ್ರೇಸರ್ ಅವರ ಸರ್ಕಾರದ ಆಹ್ವಾನ ಬಂತು: ಮಕ್ಕಳನ್ನು ನಮ್ಮಲ್ಲಿಗೆ ಕಳಿಸಿ. ಅವರು ಹಡಗೇರಿ ಮೊದಲು ನಮ್ಮ ಬೊಂಬಾಯಿಗೆ ಬಂದರು. ಅಲ್ಲಿ ಅಮೆರಿಕದ ಸೇನಾ ಹಡಗು ಹತ್ತಿದರು. 733 ಮಕ್ಕಳು, ಅವರನ್ನು ನೋಡಿಕೊಳ್ಳಲು 105 ದೊಡ್ಡವರು. 1944ರ ನವೆಂಬರ್ 1ರಂದು ಅವರೆಲ್ಲ ವೆಲಿಂಗ್ಟನ್ ನಗರದಲ್ಲಿ ಇಳಿದರು.

ಇಲ್ಲಿ ನಿಲ್ಲಿಸಿ ಮೊಮ್ಮಗಳನ್ನು ಕೇಳಿದೆ, "ಅವರಿಗೆ ಅಲ್ಲಿನ ಭಾಷೆ ಬರುವುದಿಲ್ಲ. ಗೊತ್ತಿರುವವರು ಯಾರೂ ಇಲ್ಲ. ಮೊದಲು ಯಾರು ಮಾತಾಡಿಸಿರಬಹುದು ಹೇಳು?"

"ಪೊಲೀಸರಾ?" ಎಂದಳು.

ಅಲ್ಲ, ಮಕ್ಕಳೇ. ರೈಲು ನಿಲ್ದಾಣದಲ್ಲಿ ಅವರಿಗಾಗಿ ಕಾಯುತ್ತಿದ್ದವರು ನಿಮ್ಮಂಥ ನೂರಾರು ಶಾಲಾ ಮಕ್ಕಳು! ಕೈಯಲ್ಲಿ ಪೋಲೆಂಡಿನ ಬಾವುಟ, ನ್ಯೂಜಿಲೆಂಡಿನ ಬಾವುಟ. ಬಾವುಟ ಬೀಸಲು ಭಾಷೆ ಯಾಕೆ ಬೇಕು?

ಪಾಹಿಯಾಟುವಾ ಎಂಬ ಊರಿನ ಬಳಿಯ ಶಿಬಿರ ಅವರ ಮನೆಯಾಯಿತು. ಯುದ್ಧ ಮುಗಿದ ಮೇಲೆ ಊರಿಗೆ ಮರಳುವವರಲ್ಲವೇ ಎಂದು ಪಾಠವೂ ಪೋಲಿಷ್ ಭಾಷೆಯಲ್ಲೇ ನಡೆಯಿತು. ಆದರೆ 1945ರಲ್ಲಿ ಯುದ್ಧವೇನೋ ಮುಗಿಯಿತು, ಅವರ ಊರುಗಳು ಸೋವಿಯತ್ ದೇಶದ ಪಾಲಾದವು. ಮರಳುವುದೆಲ್ಲಿಗೆ? ನ್ಯೂಜಿಲೆಂಡ್ ಸರ್ಕಾರ "ಇಲ್ಲೇ ಇರಬಹುದು" ಎಂದಿತು. ಹೆಚ್ಚಿನವರು ಅಲ್ಲೇ ಉಳಿದರು. ಇಂಗ್ಲಿಷ್ ಕಲಿತರು, ಕೆಲಸ ಹಿಡಿದರು, ಮದುವೆಯಾದರು, ಅಜ್ಜ ಅಜ್ಜಿಯರಾದರು. 1949ರಲ್ಲಿ ಶಿಬಿರ ಮುಚ್ಚಿತು. ಆ ಜಾಗದಲ್ಲಿ ಈಗ ಒಂದು ಸ್ಮಾರಕವಿದೆ.

ಕಥೆ ಮುಗಿದರೂ ಮೊಮ್ಮಗಳಿಗೆ ನಿದ್ದೆ ಬಂದಿರಲಿಲ್ಲ. "ಅಜ್ಜಾ, ಬ್ರೆಡ್ಡು ಬಚ್ಚಿಡೋದನ್ನ ಬಿಟ್ಟರಾ?"

"ಒಂದೇ ದಿನಕ್ಕೆ ಬಿಟ್ಟಿರಲಾರರು ಪುಟ್ಟಿ. ನಾಳೆಯೂ ಊಟ ಇದೆ ಅಂತ ನಂಬಿಕೆ ಬರೋಕೆ ಎಷ್ಟೋ ನಾಳೆಗಳು ಬೇಕಾಗುತ್ತವೆ."

ಮರುದಿನ ಬೆಳಿಗ್ಗೆ ಅವಳು ಡಬ್ಬಿಗೆ ಎರಡು ಚಕ್ಕುಲಿ ಹೆಚ್ಚಿಗೆ ಹಾಕಿಸಿಕೊಂಡಳು. ಯಾರಿಗೆ ಎಂದು ಅಜ್ಜಿ ಕೇಳಿದಳು.

"ಕಿಟಕಿ ಪಕ್ಕ ಇನ್ನೊಬ್ಬಳು ಹೊಸಬಳು ಇದ್ದಾಳೆ. ಅವಳೂ ನಿನ್ನೆ ಊಟ ಮಾಡಲಿಲ್ಲ."

ಈ ವಾರ ನಿಮಗೊಂದು ಕೆಲಸ: ಹುಟ್ಟಿದ ಊರು ಬಿಟ್ಟು ಬಂದ ದಿನ ಮೊದಲು ಮಾತಾಡಿಸಿದವರು ಯಾರು ಎಂದು ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ. ಅಜ್ಜ ಅಜ್ಜಿಯರೇ, ಮರೆತಿರಲಾರಿರಿ. ಹೇಳಿಬಿಡಿ.