ಫ್ಯೂಸ್ ಸುಮ್ಮನೆ ಹೋಗುವುದಿಲ್ಲ

ಮೈಸೂರಿನ ಮನೆ ಖಾಲಿ ಮಾಡಿ ಕೀಲ್ಪಾಕ್‌ಗೆ ನಮ್ಮ ಜೊತೆ ಇರಲು ಬಂದಾಗ ಅಪ್ಪ ತಮ್ಮದೆಂದು ತಂದದ್ದು ಎರಡೇ: ಒಂದು ಟ್ರಂಕ್ ಎಲ್‌ಪಿ ರೆಕಾರ್ಡು, ಒಂದು ಹಳೆಯ ಆಂಪ್ಲಿಫೈಯರ್. ಭಾನುವಾರ ಕಾಫಿ ಆದಮೇಲೆ ಕಾಳಿಂಗರಾಯರ ದನಿ ಮನೆ ತುಂಬಲೇಬೇಕು. ಹೋದ ತಿಂಗಳು ಹಾಡಿನ ನಡುವೆಯೇ ‘ಟಪ್’ ಎಂದು ಎಲ್ಲ ನಿಂತಿತು. "ಬ್ಲೂಟೂತ್ ಸ್ಪೀಕರ್ ತರೋಣ ತಾತ" ಎಂದ ಮಗ. ಅಪ್ಪ ಮಾತಾಡದೆ ಪೇಪರ್ ಹಿಡಿದು ಬಾಲ್ಕನಿಗೆ ಹೋದರು.

ಎಲೆಕ್ಟ್ರಾನಿಕ್ಸ್ ಓದಿದ ಧೈರ್ಯದಲ್ಲಿ ಹೊಸ ಫ್ಯೂಸ್ ಹಾಕಿದೆ. ಅದೂ ಸುಟ್ಟಿತು. ಮಲ್ಟಿಮೀಟರ್ ಇಟ್ಟು ನೋಡಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿ, 2ಎನ್3055 ಮತ್ತು ಎಂಜೆ2955, ಎರಡೂ ಶಾರ್ಟ್. ಮೌಂಟ್ ರೋಡ್ ಪಕ್ಕದ ರಿಚಿ ಸ್ಟ್ರೀಟಿನಿಂದ ಹೊಸ ಜೋಡಿ ತಂದು ಕೂರಿಸಿ ನೇರ ಕರೆಂಟ್ ಕೊಟ್ಟೆ. ಅವೂ ಹೋದವು.

ಮತ್ತೆ ಹೋದಾಗ ಅಂಗಡಿಯ ಹಿರಿಯರು ಕೇಳಿದ್ದು ಒಂದೇ: "ಸೀರೀಸ್ ಬಲ್ಬ್ ಪೋಟ್ಟೀಂಗಳಾ ಸಾರ್?" ಹಾಕಿರಲಿಲ್ಲ.

ಆಂಪ್ಲಿಫೈಯರಿಗೆ ಹೋಗುವ ಫೇಸ್ ವೈರಿನ ನಡುವೆ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬು ಸೇರಿಸುವುದೇ ಸೀರೀಸ್ ಬಲ್ಬ್. ಎಲ್‌ಇಡಿ ಇದಕ್ಕೆ ಆಗದು. ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿದು, 230 ವೋಲ್ಟಿನ ಬಹುಪಾಲನ್ನು ತಾನೇ ತೆಗೆದುಕೊಂಡು ಉಳಿದ ಭಾಗಗಳನ್ನು ಕಾಯುತ್ತದೆ. ಎಲ್ಲ ಸರಿಯಿದ್ದರೆ ಕೆಪಾಸಿಟರ್ ತುಂಬುವಷ್ಟು ಹೊತ್ತು ಬೆಳಗಿ ಮಂಕಾಗುತ್ತದೆ.

ಈ ಸಲ ಡ್ರೈವರ್ ಟ್ರಾನ್ಸಿಸ್ಟರ್‌ಗಳನ್ನೂ ಬದಲಿಸಿ, ಸ್ಪೀಕರ್ ಕಳಚಿಟ್ಟು, ಬಲ್ಬಿನ ಮೂಲಕ ಕರೆಂಟ್ ಕೊಟ್ಟೆ. ಬಲ್ಬು ಮಂಕಾಗಲಿಲ್ಲ, ಔಟ್‌ಪುಟ್ ಜೋಡಿ ಬಿಸಿಯೇರತೊಡಗಿತು. ತಕ್ಷಣ ಆಫ್ ಮಾಡಿ ಹುಡುಕುತ್ತ ಹೋದಾಗ ಸಿಕ್ಕಿದ್ದು ಬಯಾಸ್ ಹೊಂದಿಸುವ ಪುಟ್ಟ ಪ್ರಿಸೆಟ್. ಕಡಲೂರಿನ ಉಪ್ಪುಗಾಳಿಗೋ ವಯಸ್ಸಿಗೋ ಅದರ ಕಾಂಟ್ಯಾಕ್ಟ್ ಕಪ್ಪಾಗಿ ಬಿಟ್ಟುಹೋಗಿತ್ತು. ಈ ಸರ್ಕ್ಯೂಟಿನಲ್ಲಿ ಅದು ಬಿಟ್ಟರೆ ಬಯಾಸ್ ಮಿತಿಮೀರಿ ಎರಡೂ ಟ್ರಾನ್ಸಿಸ್ಟರ್ ಒಟ್ಟಿಗೆ ಕರೆಂಟ್ ಎಳೆದು ಸುಡುತ್ತವೆ. ಫ್ಯೂಸ್ ಸುಟ್ಟದ್ದು, ಟ್ರಾನ್ಸಿಸ್ಟರ್ ಸತ್ತದ್ದು ಎರಡೂ ಇದರ ಫಲ. ನಾನು ಫಲವನ್ನೇ ರಿಪೇರಿ ಮಾಡುತ್ತಿದ್ದೆ.

ಹೊಸ ಪ್ರಿಸೆಟ್ ಹಾಕಿ, ಬಯಾಸ್ ಪೂರ್ತಿ ಇಳಿಸಿ ಶುರುಮಾಡಿದೆ. ಬಲ್ಬು ಬೆಳಗಿ ಮಂಕಾಯಿತು. ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ 12 ಮಿಲಿವೋಲ್ಟ್. ಅಲ್ಲಿ ಹಲವು ವೋಲ್ಟ್ ಡಿಸಿ ಕಂಡರೆ ಸ್ಪೀಕರ್ ಹಾಕಲೇಬಾರದು, ಕಾಯಿಲ್ ಸುಟ್ಟೀತು. ಬಲ್ಬು ತೆಗೆದು, 0.22 ಓಮಿನ ಎಮಿಟರ್ ರೆಸಿಸ್ಟರ್ ಮೇಲೆ 5 ಮಿಲಿವೋಲ್ಟ್, ಅಂದರೆ ಸುಮಾರು 23 ಮಿಲಿಆಂಪಿಯರ್, ಬರುವಂತೆ ತಿರುಗಿಸಿದೆ. ಕಾಲು ಗಂಟೆ ಕಾದು ಇನ್ನೊಮ್ಮೆ ನೋಡಿದೆ.

ಮನೆಯಲ್ಲಿ ಹೀಗಾದರೆ ದಪ್ಪ ಫ್ಯೂಸ್ ಹಾಕಬೇಡಿ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಅಭ್ಯಾಸವಿಲ್ಲದವರು ಮೆಕ್ಯಾನಿಕ್ ಬಳಿ ಒಯ್ಯಿರಿ, ಆದರೆ "ಯಾಕೆ ಸುಟ್ಟಿತು?" ಎಂದು ಕೇಳದೆ ಹಿಂತಿರುಗಬೇಡಿ.

ಭಾನುವಾರ ಕಾಳಿಂಗರಾಯರು ಮತ್ತೆ ಹಾಡಿದರು. ಬಾಲ್ಕನಿಯಿಂದ ಒಳಗೆ ಬಂದ ಅಪ್ಪ ಕುರ್ಚಿ ಎಳೆದುಕೊಂಡು ಹೇಳಿದ್ದು ಇಷ್ಟೇ: "ಸ್ವಲ್ಪ ಸಣ್ಣಗೆ ಇಡೋ, ಕೆಳಗಿನ ಮನೆಯವರು ಎದ್ದಿಲ್ಲವೇನೋ."